ಎಡವಿದ ಗಳಿಗೆಯಲ್ಲೇ ಕೈಹಿಡಿಯುವ ವಿದ್ಯೆ

1953ರ ನವೆಂಬರ್ ತಿಂಗಳಿನ ಒಂದು ದಿನ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತಮ್ಮ ಮಗಳ ಶಾಲೆಗೆ ಹೋಗಿದ್ದರು. ಮಕ್ಕಳ ತಂದೆಯರು ಬಂದು ಪಾಠವನ್ನು ನೋಡಲೆಂದು ಆಹ್ವಾನವಿದ್ದ ದಿನವದು. ನಾಲ್ಕನೆಯ ತರಗತಿಯಲ್ಲಿ ಗಣಿತದ ಪಾಠ ನಡೆದಿತ್ತು. ಉಪಾಧ್ಯಾಯಿನಿ ಲೆಕ್ಕಗಳನ್ನು ಕೊಟ್ಟು ಮೇಜುಗಳ ನಡುವೆ ಓಡಾಡುತ್ತಿದ್ದರು. ಕೆಲವು ಮಕ್ಕಳು ಬೇಗನೆ ಮುಗಿಸಿ, ಮುಂದೇನೂ ಕೆಲಸವಿಲ್ಲದೆ ಚಡಪಡಿಸುತ್ತಿದ್ದರು. ಕೆಲವರು ಮೊದಲನೆಯ ಲೆಕ್ಕದಲ್ಲೇ ಸಿಕ್ಕಿಬಿದ್ದು ತಿಣುಕುತ್ತಿದ್ದರು. ತಾವು ಬರೆದದ್ದು ಸರಿಯೆ, ತಪ್ಪೆ ಎಂಬುದು ಅವರಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ತಿದ್ದಿದ ಹಾಳೆ ಕೈಸೇರಿದ ಮೇಲೆಯೇ ಅದು ತಿಳಿಯಬೇಕು. ಈ ವಿಳಂಬ ಸ್ಕಿನ್ನರರ ಮನಸ್ಸಿಗೆ ಚುಚ್ಚಿತು. ಕಲಿಸುವ ಯಂತ್ರವೊಂದನ್ನು ನಿರ್ಮಿಸುವ ಸಂಕಲ್ಪ ಹುಟ್ಟಿದ್ದು ಅಲ್ಲಿಯೇ.

ಅವರನ್ನು ಕಾಡಿದ ವಿಳಂಬ ಒಂದು ದಿನದ್ದು. ನಮ್ಮಲ್ಲಿ ಅದು ಒಮ್ಮೊಮ್ಮೆ ಒಂದು ತಿಂಗಳಿನದು, ಒಮ್ಮೊಮ್ಮೆ ಇಡೀ ವರ್ಷದ್ದು. ಕಾಲೇಜಿನಲ್ಲಿ ಪಾಠ ಹೇಳುವ ನನ್ನಂಥವರಿಗೆ ಇದು ನಿತ್ಯದ ಅನುಭವ. ಹಳಗನ್ನಡದ ಪದ್ಯವೊಂದನ್ನು ಅನ್ವಯ ಮಾಡಲಾರದೆ ವಿದ್ಯಾರ್ಥಿ ಮುಗ್ಗರಿಸುವುದು ಪಾಠ ನಡೆಯುತ್ತಿರುವಾಗ. ಅದು ನಮ್ಮ ಗಮನಕ್ಕೆ ಬರುವುದು ಉತ್ತರಪತ್ರಿಕೆಯ ಕಟ್ಟನ್ನು ಬಿಚ್ಚಿದಾಗ. ಅಷ್ಟರಲ್ಲಿ ಪಾಠ ಮುಗಿದಿರುತ್ತದೆ, ತರಗತಿ ಚದುರಿರುತ್ತದೆ. ರೋಗಿ ಊರು ಬಿಟ್ಟ ಮೇಲೆ ವೈದ್ಯರು ಔಷಧದ ಚೀಟಿ ಬರೆದಂತಾಯಿತು ನಮ್ಮ ಕೆಂಪು ಶಾಯಿಯ ಪಾಡು!

ಈಗ ಮನೆಮನೆಯಲ್ಲಿಯೂ ಮಕ್ಕಳು ಮೊಬೈಲ್ ಫೋನಿನ ತೆರೆಯ ಮೇಲೆ ಪಾಠ ಕಲಿಯುತ್ತಿದ್ದಾರೆ. ಮಗು ಬೆರಳಿಟ್ಟ ಪ್ರತಿಯೊಂದು ಉತ್ತರವೂ ಆ ಕ್ಷಣವೇ ಯಂತ್ರಕ್ಕೆ ತಿಳಿಯುತ್ತದೆ. ಹಾಗಾದರೆ ವಿಳಂಬದ ತೊಂದರೆ ತೀರಿತಲ್ಲವೆ ಎಂದು ವಾಚಕರು ಕೇಳಬಹುದು. ಯಂತ್ರಕ್ಕೆ ತಿಳಿಯುತ್ತದೆ, ನಿಜ; ಆದರೆ ಉಪಾಧ್ಯಾಯರಿಗೆ ತಿಳಿಯುವುದು ಯಾವಾಗ? ಯಂತ್ರದಿಂದ ಗುರುವಿನವರೆಗಿನ ಈ ದಾರಿಯನ್ನು ಸುಗಮಗೊಳಿಸಲು ಎಂಜಿನಿಯರುಗಳು ಕಟ್ಟುತ್ತಿರುವ ವ್ಯವಸ್ಥೆಗೆ 'ರಿಯಲ್-ಟೈಮ್ ಡೇಟಾ ಪೈಪ್‌ಲೈನ್' ಎಂದು ಹೆಸರು. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ಮಾಹಿತಿಯನ್ನು ಆಗಿಂದಾಗಲೇ ಹರಿಸುವ ಕೊಳಾಯಿ ಎಂದರೆ ಸಾಕು. ಅದು ಹರಿಯುವ ಬಗೆ ಯಾವುದು, ಅದರಿಂದ ನಮ್ಮ ಮಕ್ಕಳಿಗೆ ಆಗುವ ಪ್ರಯೋಜನವೇನು, ಅಪಾಯವೇನು ಎಂಬುದನ್ನು ತಂದೆ-ತಾಯಂದಿರು ಅರಿತಿರುವುದು ಒಳ್ಳೆಯದು.

ಕಲಿಸುವ ಯಂತ್ರಗಳು

ಈ ಯೋಚನೆ ಸ್ಕಿನ್ನರರಿಗಿಂತಲೂ ಹಳೆಯದು. 1920ರ ದಶಕದಲ್ಲಿಯೇ ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ಸಿಡ್ನಿ ಪ್ರೆಸ್ಸಿ ಎಂಬುವರು ಪ್ರಶ್ನೆ ಕೇಳುವ ಯಂತ್ರವೊಂದನ್ನು ಮಾಡಿದ್ದರು. ವಿದ್ಯಾರ್ಥಿ ಸರಿಯುತ್ತರದ ಕೀಲಿಯನ್ನು ಒತ್ತುವವರೆಗೆ ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ. ಗೊತ್ತುಮಾಡಿದಷ್ಟು ಉತ್ತರಗಳು ಸರಿಯಾದರೆ ಮಿಠಾಯಿಯೊಂದು ಉದುರುವ ಏರ್ಪಾಡೂ ಅದರಲ್ಲಿತ್ತು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಬಿಟ್ಜರ್ ಮತ್ತು ಸಂಗಡಿಗರು 'ಪ್ಲೇಟೊ' ಎಂಬ ಹೆಸರಿನಲ್ಲಿ ಕಂಪ್ಯೂಟರಿನಿಂದಲೇ ಪಾಠ ಹೇಳಿಸತೊಡಗಿದರು.

ಪ್ರೆಸ್ಸಿ ಮತ್ತು ಸ್ಕಿನ್ನರರ ಯಂತ್ರಗಳು ಮಗುವಿಗೇನೋ ತಕ್ಷಣ ತೀರ್ಪು ಹೇಳಿದವು. ಆದರೆ ಒಂದು ಯಂತ್ರ ಕಂಡದ್ದು ಪಕ್ಕದ ಯಂತ್ರಕ್ಕೆ ತಿಳಿಯದು. ನಲವತ್ತು ಮಕ್ಕಳು ನಲವತ್ತು ಯಂತ್ರಗಳ ಮುಂದೆ ಕುಳಿತರೆ ಅವರಲ್ಲಿ ಹತ್ತು ಮಂದಿ ಒಂದೇ ಕಲ್ಲಿಗೆ ಎಡವುತ್ತಿದ್ದಾರೆಂಬುದನ್ನು ಉಪಾಧ್ಯಾಯರಿಗೆ ಹೇಳುವವರಿರಲಿಲ್ಲ. ಇಂದಿನ ಕೊಳಾಯಿ ಮಾಡಹೊರಟಿರುವುದು ಈ ಕೆಲಸವನ್ನು.

ತೊಟ್ಟಿಯ ನೀರು, ನಲ್ಲಿಯ ನೀರು

ಬಿಟ್ಟು ಬಿಟ್ಟು ಬರುವ ನೀರನ್ನು ತೊಟ್ಟಿಯಲ್ಲಿ ತುಂಬಿಟ್ಟುಕೊಂಡು ಬಳಸುವುದು ಒಂದು ಬಗೆ; ನಲ್ಲಿ ತಿರುಗಿಸಿದೊಡನೆ ನೀರು ಬರುವುದು ಇನ್ನೊಂದು. ನಮ್ಮ ನಗರದ ಗೃಹಿಣಿಯರಿಗೆ ಈ ಎರಡರ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಮಾಹಿತಿಯ ಲೋಕದಲ್ಲಿಯೂ ಹೀಗೆಯೇ. ಹಗಲೆಲ್ಲ ಬಂದ ಉತ್ತರಗಳನ್ನು ಒಂದೆಡೆ ಕೂಡಿಹಾಕಿ, ರಾತ್ರಿ ಎಲ್ಲವನ್ನೂ ಒಟ್ಟಿಗೆ ಎತ್ತಿ ಲೆಕ್ಕಹಾಕಿ, ಮರುದಿನವೋ ವಾರದ ಕೊನೆಗೋ ವರದಿ ಕೊಡುವುದು ತೊಟ್ಟಿಯ ಕ್ರಮ. ಈ ಪಾಠವನ್ನು ಎಷ್ಟು ಮಕ್ಕಳು ನೋಡಿದರು, ಯಾವ ಜಿಲ್ಲೆಯಲ್ಲಿ ಹೆಚ್ಚು ನೋಡಿದರು ಎಂಬಂಥ ವಿಚಾರಗಳಿಗೆ ಈ ಕ್ರಮ ಧಾರಾಳವಾಗಿ ಸಾಕು. ಆದರೆ ಲೆಕ್ಕ ಬಾರದೆ ಪುಸ್ತಕವನ್ನು ಮುಚ್ಚಿಡಲು ಹೊರಟಿರುವ ಮಗುವಿಗೆ ಮರುದಿನದ ವರದಿಯಿಂದ ಏನು ಫಲ?

ನಲ್ಲಿಯ ಕ್ರಮವನ್ನು ಸಾಧ್ಯಮಾಡಿದ ಉಪಕರಣಗಳಲ್ಲಿ ಬಹು ಪ್ರಸಿದ್ಧವಾದದ್ದು 'ಕಾಫ್ಕಾ'. ಸಾಹಿತ್ಯದ ವಿದ್ಯಾರ್ಥಿಗಳು ಕಿವಿ ನಿಮಿರಿಸಬಹುದು! ಹೌದು, ಕಾದಂಬರಿಕಾರ ಫ್ರಾಂಟ್ಸ್ ಕಾಫ್ಕಾನ ಹೆಸರೇ ಅದು. ಲಿಂಕ್ಡ್‌ಇನ್ ಎಂಬ ಕಂಪನಿಯಲ್ಲಿ ಇದನ್ನು ನಿರ್ಮಿಸಿದವರು ಜೇ ಕ್ರೆಪ್ಸ್, ಜುನ್ ರಾವ್ ಮತ್ತು ನಮ್ಮ ನೆರೆಯ ಪುಣೆಯಲ್ಲಿ ಬೆಳೆದ ನೇಹಾ ನಾರ್ಖೇಡೆ. ಬರೆದಿಡುವುದರಲ್ಲಿ ಇದು ಬಹು ಚುರುಕಾದ್ದರಿಂದ ಇದಕ್ಕೆ ಒಬ್ಬ ಬರಹಗಾರನ ಹೆಸರೇ ತಕ್ಕುದೆಂದು ಕ್ರೆಪ್ಸ್ ಭಾವಿಸಿದರು. 2011ರಲ್ಲಿ ಇದನ್ನು ಯಾರು ಬೇಕಾದರೂ ಬಳಸುವಂತೆ ಲೋಕಕ್ಕೆ ಬಿಟ್ಟುಕೊಟ್ಟರು.

ಇದರ ಮರ್ಮ ನಮ್ಮ ಅಂಗಡಿಯ ಸಾಹುಕಾರರಿಗೆ ಹೊಸದಲ್ಲ. ಅವರ ಕಿರ್ದಿ ಪುಸ್ತಕವನ್ನು ನೆನೆಯಿರಿ. ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲಿ ಒಂದರ ಕೆಳಗೊಂದು ಬರೆಯುತ್ತ ಹೋಗುವುದು. ಹಿಂದೆ ಬರೆದ ಸಾಲನ್ನು ಅಳಿಸಿ ತಿದ್ದುವಂತಿಲ್ಲ. ಈ ಒಂದೇ ಕಿರ್ದಿಯನ್ನು ಇಟ್ಟುಕೊಂಡು ಒಬ್ಬ ಗುಮಾಸ್ತ ಸಾಲಗಾರರ ಖಾತೆಯನ್ನೂ, ಇನ್ನೊಬ್ಬ ಸರಕಿನ ಲೆಕ್ಕವನ್ನೂ ತೆಗೆಯಬಲ್ಲ. ಯಾರು ಯಾವ ಸಾಲಿನವರೆಗೆ ಓದಿದ್ದಾರೆಂಬ ಗುರುತನ್ನು ಅವರವರೇ ಇಟ್ಟುಕೊಳ್ಳುತ್ತಾರೆ. ಒಬ್ಬ ರಜೆಯ ಮೇಲೆ ಹೋದರೂ ಇನ್ನೊಬ್ಬನ ಕೆಲಸ ನಿಲ್ಲದು. ಹೋದವನು ಬಂದ ಮೇಲೆ ತಾನು ಬಿಟ್ಟ ಸಾಲಿನಿಂದ ಮುಂದುವರಿಸಿದರಾಯಿತು. ಕಾಫ್ಕಾ ಇಂಥದೊಂದು ಕಿರ್ದಿ. ವ್ಯತ್ಯಾಸವೆಂದರೆ, ಅದು ಒಂದು ಸೆಕೆಂಡಿನಲ್ಲಿ ಲಕ್ಷಗಟ್ಟಲೆ ಸಾಲುಗಳನ್ನು ಬರೆದುಕೊಳ್ಳಬಲ್ಲುದು. ಹರಿದುಬರುವ ಸಾಲುಗಳನ್ನು ಹರಿಯುತ್ತಿರುವಾಗಲೇ ಲೆಕ್ಕಹಾಕುವ ಉಪಕರಣಗಳು ಬೇರೆ ಇವೆ. ಬರ್ಲಿನ್ ನಗರದ ಸಂಶೋಧಕರಿಂದ ಆರಂಭವಾದ 'ಫ್ಲಿಂಕ್' ಅವುಗಳಲ್ಲೊಂದು. ಜರ್ಮನ್ ಭಾಷೆಯಲ್ಲಿ ಆ ಶಬ್ದಕ್ಕೆ ಚುರುಕು ಎಂದರ್ಥ. ಅದರ ಲಾಂಛನ ಅಳಿಲು.

ಒಂದು ಕಳೆಯುವ ಲೆಕ್ಕದ ಪಯಣ

ಇದೆಲ್ಲ ಮಗುವಿನ ಕಲಿಕೆಗೆ ನೆರವಾಗುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡೋಣ. ಮೂರನೆಯ ತರಗತಿಯ ಹುಡುಗಿಯೊಬ್ಬಳು 42ರಲ್ಲಿ 17ನ್ನು ಕಳೆದು 35 ಎಂದು ಉತ್ತರ ಕೊಟ್ಟಳೆಂದುಕೊಳ್ಳಿ. ಸರಿಯುತ್ತರ 25. ಕೈತಪ್ಪಿರಬಹುದು. 63ರಲ್ಲಿ 28 ಹೋದರೆ 45 ಎಂದಳು. 51ರಲ್ಲಿ 36 ಹೋದರೆ 25 ಎಂದಳು. ಅಂಕಪಟ್ಟಿಯ ಕಣ್ಣಿಗೆ ಇದು ಮೂರಕ್ಕೆ ಸೊನ್ನೆ, ದಡ್ಡ ಹುಡುಗಿ. ಆದರೆ ಉತ್ತರಗಳನ್ನು ಜೊತೆಗಿಟ್ಟು ನೋಡಿದರೆ ಬೇರೆಯೇ ಕಥೆ. ಎರಡರಿಂದ ಏಳು ಹೋಗದೆಂದು ಅವಳು ಏಳರಿಂದಲೇ ಎರಡನ್ನು ಕಳೆದಿದ್ದಾಳೆ. ಪ್ರತಿ ಸಲವೂ ಹಾಗೆಯೇ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾಳೆ. ಹುಡುಗಿ ದಡ್ಡಿಯಲ್ಲ, ಒಂದು ನಿಯಮವನ್ನು ಶ್ರದ್ಧೆಯಿಂದಲೇ ಪಾಲಿಸುತ್ತಿದ್ದಾಳೆ. ಆ ನಿಯಮ ತಪ್ಪು, ಅಷ್ಟೆ. ಮಕ್ಕಳ ತಪ್ಪುಗಳಲ್ಲಿ ಇಂಥ ಕ್ರಮವಿರುತ್ತದೆಂದು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಅಮೆರಿಕದ ವಿದ್ವಾಂಸರು 1978ರಲ್ಲಿಯೇ ವಿವರವಾಗಿ ತೋರಿಸಿದ್ದರು.

ಈಗ ಕೊಳಾಯಿಯನ್ನು ಹಿಡಿದು ಹೋಗೋಣ. ಹುಡುಗಿ ಕೊಟ್ಟ ಪ್ರತಿಯೊಂದು ಉತ್ತರದೊಂದಿಗೂ ಒಂದು ಚೀಟಿ ಹೊರಡುತ್ತದೆ: ಯಾವ ಸಂಖ್ಯೆಯ ವಿದ್ಯಾರ್ಥಿ, ಯಾವ ಲೆಕ್ಕ, ಕೊಟ್ಟ ಉತ್ತರವೇನು, ಎಷ್ಟು ಸೆಕೆಂಡು ಯೋಚಿಸಿದಳು, ಸುಳಿವು ಕೇಳಿದಳೆ, ಆಗ ಗಂಟೆ ಎಷ್ಟು. ಚೀಟಿ ಕಿರ್ದಿಯಲ್ಲಿ ಒಂದು ಸಾಲಾಗುತ್ತದೆ. ಕಿರ್ದಿಯನ್ನು ಓದುತ್ತಲೇ ಇರುವ ಗುಮಾಸ್ತ ಯಂತ್ರವೊಂದು ಈ ಮೂರು ಸಾಲುಗಳನ್ನು ಜೋಡಿಸಿ ನೋಡಿ, ಪರಿಚಿತವಾದ ತಪ್ಪಿನ ಗುರುತು ಹಿಡಿಯುತ್ತದೆ. ಉಪಾಧ್ಯಾಯಿನಿಯ ತೆರೆಯ ಮೇಲೆ ಒಂದು ವಾಕ್ಯ ಮೂಡುತ್ತದೆ: 'ಹತ್ತರ ಸ್ಥಾನದಿಂದ ಸಾಲ ಪಡೆಯುವುದು ಈ ಹುಡುಗಿಗೆ ತಿಳಿದಿಲ್ಲ, ಇದೇ ತೊಂದರೆ ಇನ್ನೂ ಐವರಿಗೆ ಇದೆ.' ಇಷ್ಟಕ್ಕೂ ಕೆಲವೇ ಸೆಕೆಂಡುಗಳು ಸಾಕು. ಉಪಾಧ್ಯಾಯಿನಿ ಆ ಆರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಹತ್ತು ಕಡ್ಡಿಗಳ ಕಟ್ಟೊಂದನ್ನು ಬಿಚ್ಚಿ ತೋರಿಸಿದರೆ ಗಂಟೆ ಬಾರಿಸುವುದರೊಳಗೆ ಕೆಲಸವಾದಂತೆಯೇ. ತಪ್ಪು ನಿಯಮ ಅಭ್ಯಾಸವಾಗಿ ಗಟ್ಟಿಯಾಗುವ ಮುನ್ನವೇ ಅದನ್ನು ಬಿಡಿಸಿದಂತಾಗುತ್ತದೆ.

ಸರಿಯುತ್ತರದ ಹಿಂದೆ ಅಡಗಿದ ಅಜ್ಞಾನವನ್ನೂ ಈ ಚೀಟಿಗಳು ಬಯಲಿಗೆಳೆಯಬಲ್ಲವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ರಯಾನ್ ಬೇಕರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ. ಕೆಲವು ವಿದ್ಯಾರ್ಥಿಗಳು ಯೋಚಿಸುವ ಗೋಜಿಗೇ ಹೋಗದೆ, ಯಂತ್ರ ತಾನೇ ಉತ್ತರ ಹೇಳುವವರೆಗೆ 'ಸುಳಿವು' ಗುಂಡಿಯನ್ನು ಬಡಬಡನೆ ಒತ್ತುತ್ತಿದ್ದರು! ಪಾಠದ ಕೊನೆಗೆ ಅವರು ಉಳಿದವರಿಗಿಂತ ಕಡಿಮೆ ಕಲಿತಿದ್ದರು. ಬರಿಯ ಉತ್ತರವನ್ನು ನೋಡಿದರೆ ಈ ಚಮತ್ಕಾರ ಕಾಣದು. ಉತ್ತರಕ್ಕೆ ಹಿಡಿದ ಹೊತ್ತನ್ನು ನೋಡಿದರೆ ಕಾಣುತ್ತದೆ.

ಬೆಂಗಳೂರಿನಿಂದ ಹೊರಟ ಕೊಳಾಯಿ

ಇದು ದೂರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ನಂದನ್ ನಿಲೇಕಣಿ, ರೋಹಿಣಿ ನಿಲೇಕಣಿ ಮತ್ತು ಶಂಕರ್ ಮರುವಾಡ ಸ್ಥಾಪಿಸಿದ ಏಕ್‌ಸ್ಟೆಪ್ ಎಂಬ ಬೆಂಗಳೂರಿನ ಸಂಸ್ಥೆ 'ಸನ್‌ಬರ್ಡ್' ಎಂಬ ಹೆಸರಿನಲ್ಲಿ ಕಲಿಕೆಯ ತಂತ್ರಾಂಶವನ್ನು ರೂಪಿಸಿ, ಎಲ್ಲರಿಗೂ ಮುಕ್ತವಾಗಿ ನೀಡಿತು. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದು, ಕೇಂದ್ರ ಸರ್ಕಾರ ಆರಂಭಿಸಿದ 'ದೀಕ್ಷಾ' ನಿಂತಿರುವುದು ಈ ಸನ್‌ಬರ್ಡ್‌ನ ತಳಹದಿಯ ಮೇಲೆ. ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಚೌಕಾಕಾರದ ಕ್ಯೂ.ಆರ್. ಕೋಡನ್ನು ಫೋನಿನ ಕ್ಯಾಮೆರಾಕ್ಕೆ ಹಿಡಿದರೆ ತೆರೆದುಕೊಳ್ಳುವ ಪಾಠಗಳು ಇದರವೇ. ಪಾಠ ತೆರೆದದ್ದು, ಮುಚ್ಚಿದ್ದು, ಪ್ರಶ್ನೆಗೆ ಉತ್ತರಿಸಿದ್ದು, ಇವೆಲ್ಲವೂ ಒಂದು ಗೊತ್ತಾದ ನಮೂನೆಯ ಚೀಟಿಗಳಾಗಿ ಹೊರಡುತ್ತವೆ. ಅವುಗಳನ್ನು ಬರೆದುಕೊಳ್ಳುವ ಕಿರ್ದಿಯೂ ಮೇಲೆ ಹೇಳಿದ ಕಾಫ್ಕಾವೇ.

ಇಲ್ಲಿ ನಮ್ಮ ದೇಶಕ್ಕೇ ವಿಶಿಷ್ಟವಾದ ತೊಡಕೊಂದು ಎದುರಾಯಿತು. ಮಲೆನಾಡಿನ ಕಣಿವೆಯೊಂದರ ಮನೆಯಲ್ಲಿ ಫೋನಿದೆ, ಆದರೆ ನೆಟ್‌ವರ್ಕ್ ಇಲ್ಲ. ಆ ಮನೆಯ ಮಗು ಮೊದಲೇ ಇಳಿಸಿಟ್ಟುಕೊಂಡ ಪಾಠವನ್ನು ಸೋಮವಾರ ಓದುತ್ತದೆ. ಅದರ ಚೀಟಿಗಳು ಫೋನಿನೊಳಗೇ ಕಾದು ಕುಳಿತಿದ್ದು, ಗುರುವಾರ ಸಂತೆಗೆ ಹೋದಾಗ ನೆಟ್‌ವರ್ಕ್ ಸಿಕ್ಕಿ ಹೊರಡುತ್ತವೆ. ಆಗ ಕಿರ್ದಿಯವನು ಬಂದ ದಿನವನ್ನು ನೋಡಬೇಕೆ, ಬರೆದ ದಿನವನ್ನೆ? ಕಾಗದ ತಡವಾಗಿ ಬಂದರೂ ಅಂಚೆಯ ಮುದ್ರೆಯನ್ನು ನೋಡಿ ಹಾಕಿದ ದಿನವನ್ನು ತಿಳಿಯುತ್ತೇವಲ್ಲವೆ? ಹಾಗೆಯೇ ಒಳ್ಳೆಯ ವ್ಯವಸ್ಥೆ ಪ್ರತಿ ಚೀಟಿಯ ಮೇಲಿನ ಸಮಯವನ್ನು ಗೌರವಿಸುತ್ತದೆ. ತಡವಾಗಿ ಬಂದವರಿಗೂ ಸ್ವಲ್ಪ ಕಾಲ ಬಾಗಿಲು ತೆರೆದಿಡುತ್ತದೆ. ಹಾಗೆ ಮಾಡದಿದ್ದರೆ ನಗರದ ಮಗುವಿನ ಕಷ್ಟ ಮಾತ್ರ ಲೆಕ್ಕಕ್ಕೆ ಬಂದು, ಕಣಿವೆಯ ಮಗು ಓದಲೇ ಇಲ್ಲವೆಂಬ ಅಪವಾದಕ್ಕೆ ಗುರಿಯಾದೀತು. ತಾಂತ್ರಿಕವಾದ ಸಣ್ಣ ನಿಯಮವೊಂದರಲ್ಲಿ ಎಷ್ಟು ದೊಡ್ಡ ನ್ಯಾಯದ ಪ್ರಶ್ನೆ ಅಡಗಿದೆ ನೋಡಿ!

ತುದಿಯಲ್ಲಿ ಯಾರಿದ್ದಾರೆ?

ಇಷ್ಟೆಲ್ಲ ಆದಮೇಲೂ ಮುಖ್ಯವಾದ ಪ್ರಶ್ನೆ ಉಳಿದೇ ಇದೆ. ಕೊಳಾಯಿಯ ಈ ತುದಿಯಲ್ಲಿ ಮಗುವಿದೆ. ಆ ತುದಿಯಲ್ಲಿ ಯಾರಿದ್ದಾರೆ?

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯ 2007ರಲ್ಲಿ 'ಕೋರ್ಸ್ ಸಿಗ್ನಲ್ಸ್' ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ವಿದ್ಯಾರ್ಥಿಯ ಓದಿನ ಸ್ಥಿತಿಗನುಸಾರವಾಗಿ ಅವನಿಗೆ ರಸ್ತೆಯ ದೀಪಗಳಂತೆ ಹಸಿರು, ಹಳದಿ ಅಥವಾ ಕೆಂಪು ಬೆಳಕು ಕಾಣಿಸುತ್ತಿತ್ತು. ಈ ದೀಪಗಳಿದ್ದ ಎರಡು ಅಥವಾ ಹೆಚ್ಚು ತರಗತಿಗಳಲ್ಲಿ ಓದಿದವರು ಕಾಲೇಜು ಬಿಡುವುದು ಬಹಳ ಕಡಿಮೆಯೆಂದು ವರದಿಯಾಗಿ, ಎಲ್ಲೆಡೆ ಪ್ರಶಂಸೆ ಹರಡಿತು. 2013ರಲ್ಲಿ ಕೆಲವು ವಿಮರ್ಶಕರು ಸರಳವಾದ ಪ್ರಶ್ನೆಯೊಂದನ್ನು ಎತ್ತಿದರು: ಕಾಲೇಜು ಬಿಡದೆ ಉಳಿದವರೇ ಅಲ್ಲವೆ ಹೆಚ್ಚು ತರಗತಿಗಳಿಗೆ ಸೇರುವವರು? ನಮ್ಮ ಮಾತಿನಲ್ಲಿ ಹೇಳುವುದಾದರೆ, ತೊಂಬತ್ತು ಯುಗಾದಿಗಳ ಬೇವುಬೆಲ್ಲ ತಿಂದವರೆಲ್ಲ ದೀರ್ಘಾಯುಗಳೇ; ಆದರೆ ಬೇವುಬೆಲ್ಲದಿಂದಲೇ ಆಯುಸ್ಸು ಬೆಳೆಯಿತೆನ್ನಲಾದೀತೆ? ದೀಪದಿಂದ ಯಾವ ಪ್ರಯೋಜನವೂ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಸಾರಿದ್ದ ಪವಾಡ ಮಾತ್ರ ನಿಲ್ಲಲಿಲ್ಲ.

ಇದಕ್ಕೆದುರಾಗಿ ಜಾರ್ಜಿಯ ರಾಜ್ಯ ವಿಶ್ವವಿದ್ಯಾನಿಲಯದ ಉದಾಹರಣೆಯನ್ನು ನೋಡಬಹುದು. ಬಡವರ ಮಕ್ಕಳೇ ಹೆಚ್ಚಾಗಿರುವ ಆ ಸಂಸ್ಥೆ 2012ರಿಂದ ಪ್ರತಿಯೊಬ್ಬ ವಿದ್ಯಾರ್ಥಿಯ ವಿಷಯದಲ್ಲಿಯೂ ಸುಮಾರು 800 ಎಚ್ಚರಿಕೆಯ ಚಿಹ್ನೆಗಳನ್ನು ದಿನದಿನವೂ ಗಮನಿಸತೊಡಗಿತು. ಆದರೆ ಯಂತ್ರವನ್ನು ಕೊಂಡು ಅದು ಸುಮ್ಮನಾಗಲಿಲ್ಲ. ಎಚ್ಚರಿಕೆ ಬಂದೊಡನೆ ವಿದ್ಯಾರ್ಥಿಯನ್ನು ಕರೆದು ಎದುರಿಗೆ ಕೂರಿಸಿಕೊಂಡು ಮಾತನಾಡಲೆಂದು ನಲವತ್ತರಷ್ಟು ಸಲಹೆಗಾರರನ್ನು ಹೊಸದಾಗಿ ನೇಮಿಸಿತು. 2003ರಲ್ಲಿ ಅಲ್ಲಿ ಆರು ವರ್ಷಗಳೊಳಗೆ ಪದವಿ ಮುಗಿಸುತ್ತಿದ್ದವರು ನೂರಕ್ಕೆ 32. 2014ರ ವೇಳೆಗೆ ನೂರಕ್ಕೆ 54. ಧನಸಹಾಯದಂಥ ಬೇರೆ ಯೋಜನೆಗಳಿಗೂ ಇದರಲ್ಲಿ ಪಾಲುಂಟು. ಆದರೂ ನಮಗಿರುವ ಪಾಠ ಸ್ಪಷ್ಟ. ಕೆಂಪು ದೀಪ ತಾನಾಗಿ ಯಾರನ್ನೂ ಉದ್ಧರಿಸದು. ದೀಪವನ್ನು ಕಂಡು ಎದ್ದು ಬರುವ ಮನುಷ್ಯ ಬೇಕು. ಅರವತ್ತು ಮಕ್ಕಳ ತರಗತಿ, ಗಣತಿಯ ಕೆಲಸ, ಚುನಾವಣೆಯ ಕೆಲಸ, ಇವುಗಳ ನಡುವೆ ಬಳಲಿರುವ ಉಪಾಧ್ಯಾಯರ ಮುಂದೆ ದಿನಕ್ಕೆ ನೂರು ಎಚ್ಚರಿಕೆಗಳನ್ನು ಸುರಿದರೆ ಅವರಿಗೆ ತಲೆನೋವು ಹೆಚ್ಚೀತೇ ಹೊರತು ಮಗುವಿಗೆ ಪ್ರಯೋಜನವಾಗದು.

ಸೋರುವ ಕೊಳಾಯಿ

ಇನ್ನು ಅಪಾಯದ ಮಾತು. ನೀರಿನ ಕೊಳಾಯಿ ಸೋರಿದರೆ ಕೆಡುವುದು ರಸ್ತೆ. ಮಾಹಿತಿಯ ಕೊಳಾಯಿ ಸೋರಿದರೆ ಕೆಡುವುದು ಮಗುವಿನ ಭವಿಷ್ಯ. ಏಳನೆಯ ವಯಸ್ಸಿನಲ್ಲಿ ಕಳೆಯುವ ಲೆಕ್ಕ ಬಾರದೆಂಬುದು ಕ್ಷಣಿಕವಾದ ಸಂಗತಿ. ಅದೇ ಎಲ್ಲೋ ಶಾಶ್ವತವಾಗಿ ದಾಖಲಾಗಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಯಾರೋ ತೆಗೆದು ನೋಡುವಂತಾದರೆ? ಇದು ಬರಿಯ ಊಹೆಯ ಭಯವಲ್ಲ. ಅಮೆರಿಕದಲ್ಲಿ ಹತ್ತು ಕೋಟಿ ಡಾಲರುಗಳ ನೆರವಿನಿಂದ ಆರಂಭವಾದ 'ಇನ್‌ಬ್ಲೂಮ್' ಎಂಬ ಸಂಸ್ಥೆ ಮಕ್ಕಳ ಮಾಹಿತಿಯನ್ನೆಲ್ಲ ಒಂದೆಡೆ ಸೇರಿಸಹೊರಟು, ತಂದೆ-ತಾಯಿಗಳ ಪ್ರತಿಭಟನೆಯಿಂದಾಗಿ 2014ರಲ್ಲಿ ಬಾಗಿಲು ಮುಚ್ಚಬೇಕಾಯಿತು. ನಮ್ಮ ದೀಕ್ಷಾದ ವಿಷಯದಲ್ಲಿಯೂ, ಹತ್ತು ಲಕ್ಷಕ್ಕೂ ಮೀರಿದ ಶಿಕ್ಷಕರ ಹೆಸರು, ಫೋನ್ ಸಂಖ್ಯೆಗಳು ಬೀಗವಿಲ್ಲದ ಸರ್ವರಿನಲ್ಲಿ ಯಾರಿಗೆ ಬೇಕಾದರೂ ಸಿಗುವಂತಿದ್ದುವೆಂದು 2023ರ ಜನವರಿಯಲ್ಲಿ ಪತ್ರಿಕೆಯಲ್ಲಿ ವರದಿಯಾಯಿತು.

ಅದೇ 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ, ಹದಿನೆಂಟು ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯನ್ನು ಬಳಸಲು ತಂದೆ-ತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕೆಂದು ವಿಧಿಸಿದೆ; ಮಕ್ಕಳ ನಡವಳಿಕೆಯ ಬೆನ್ನುಹತ್ತುವುದನ್ನೂ ಅವರನ್ನೇ ಗುರಿಮಾಡಿ ಜಾಹೀರಾತು ತೋರಿಸುವುದನ್ನೂ ನಿಷೇಧಿಸಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ವಿದ್ಯಾಸಂಸ್ಥೆಗಳಿಗೆ ಕಲಿಕೆಯ ಮತ್ತು ಸುರಕ್ಷತೆಯ ಮಟ್ಟಿಗೆ ಮಾತ್ರ ವಿನಾಯಿತಿ ನೀಡಿವೆ. ಕಾಯಿದೆ ಕಾಗದದ ಮೇಲಿದ್ದರೆ ಸಾಲದು, ಕೇಳುವವರಿರಬೇಕು.

ಕೇಳಬೇಕಾದವರು ನಾವೇ, ತಂದೆ-ತಾಯಂದಿರು. ಶಾಲೆಯಿಂದ ಹೊಸ ಆ್ಯಪ್ ಬಂತೆಂದು ಮಗು ಫೋನ್ ಹಿಡಿದು ಬಂದಾಗ 'ಒಪ್ಪಿದೆ' ಎಂಬ ಗುಂಡಿಯನ್ನು ಒತ್ತುವ ಮೊದಲು ನಾಲ್ಕು ಪ್ರಶ್ನೆಗಳನ್ನು ಶಾಲೆಯವರಿಗೆ ಕೇಳೋಣ. ನನ್ನ ಮಗುವಿನ ಯಾವ ಯಾವ ವಿಷಯಗಳನ್ನು ಇದು ಬರೆದುಕೊಳ್ಳುತ್ತದೆ? ಅದನ್ನು ಯಾರು ಓದುತ್ತಾರೆ? ಎಷ್ಟು ಕಾಲ ಇಟ್ಟುಕೊಂಡು, ಯಾವಾಗ ಅಳಿಸುತ್ತಾರೆ? ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿಗೆ ಲೆಕ್ಕ ಬಾರದೆಂದು ಯಂತ್ರ ಇವತ್ತು ಹೇಳಿದರೆ ನಾಳೆ ಅದಕ್ಕೆ ಲೆಕ್ಕ ಹೇಳಿಕೊಡುವವರು ಯಾರು? ಮೊದಲ ಮೂರಕ್ಕೆ ಕಂಪನಿಯವರು ಉತ್ತರಿಸಬಹುದು. ನಾಲ್ಕನೆಯದಕ್ಕೆ ಶಾಲೆಯೇ ಉತ್ತರ ಕೊಡಬೇಕು. ಒಬ್ಬ ಉಪಾಧ್ಯಾಯರ ಹೆಸರನ್ನು ಹೇಳಿ ಕೊಡಬೇಕು. ಹಾಗೆ ಹೆಸರು ಹೇಳಲು ಸಾಧ್ಯವಾದ ಶಾಲೆಯಲ್ಲಿ ಈ ಕೊಳಾಯಿ ಮಕ್ಕಳಿಗೆ ನಿಜವಾಗಿಯೂ ನೀರುಣಿಸಬಲ್ಲುದು.